ಮೇನ್ ಸ್ಟ್ರೀಟಿನ ಸಂತೆ ನಡೆಸಿದ ವರ್ಷಗಳು

ಕನ್ನಡ ಕೂಟದ ಊಟದ ಸಾಲಿನಲ್ಲಿ ಹೊಸದಾಗಿ ಪರಿಚಯವಾದವರು ಮೊದಲು ಕೇಳುವುದು, ‘ಯಾವ ಕಂಪನಿ?’ ಎಂದು. ‘ಕಂಪನಿ ಅಲ್ಲ, ಸಂತೆ ನಡೆಸ್ತಿದ್ದೆ. ಈಗ ರಿಟೈರ್ ಆಗಿದೀನಿ’ ಎಂದರೆ, ‘ಓ, ಫಾರ್ಮರ್ಸ್ ಮಾರ್ಕೆಟ್ಟಾ! ವೀಕೆಂಡ್ ಟೈಂಪಾಸಿಗಾ?’ ಎನ್ನುತ್ತಾರೆ.

ಟೈಂಪಾಸಿಗಲ್ಲ. ನನ್ನ ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಆ ಕೆಲಸಕ್ಕೆ ಸೇರಿದೆ. ಅವಳ ಮಗಳು ಪ್ರೈಮರಿ ಸ್ಕೂಲಿಗೆ ಹೋಗುವ ಹೊತ್ತಿಗೆ ಬಿಟ್ಟೆ. ಈಚೆಗೆ ನಮ್ಮವರೇ ಒಬ್ಬಿಬ್ಬರು ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇದರಲ್ಲಿ ಬರುವ ಲಿಂಡಾ, ವಾಲ್ಟ್, ರೋಸಾ ಮೂವರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಯಲ್ಲಿ ಮಾತ್ರ ಅವರ ಮಾತು ಕನ್ನಡವಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

ಊರಿನ ಹೆಸರು ಬೇಡ. ಪ್ಲೆಸೆಂಟನ್ನಿಗೂ ಸ್ಯಾನ್ ರಮೋನಿಗೂ ಹತ್ತಿರದ ಒಂದು ಹಳೆಯ ಊರು ಎಂದುಕೊಳ್ಳಿ. ಸುತ್ತ ಆಫೀಸ್ ಪಾರ್ಕುಗಳು, ಒಂದೇ ಬಣ್ಣದ ಮನೆಗಳು. ನಡುವೆ ಒಂದೇ ಒಂದು ಹಳೆಯ ಬೀದಿ, ಅದೇ ಮೇನ್ ಸ್ಟ್ರೀಟು. ಶನಿವಾರ ಬೆಳಿಗ್ಗೆ ಆ ಬೀದಿಯನ್ನು ಅಡ್ಡಗಟ್ಟಿ, ಕಾರುಗಳ ಓಡಾಟ ನಿಲ್ಲಿಸಿ, ಎರಡೂ ಕಡೆ ರೈತರ ಟೆಂಟುಗಳನ್ನು ಹಾಕಿಸಬೇಕು. ಮಧ್ಯಾಹ್ನ ಎಲ್ಲವನ್ನೂ ಎತ್ತಿಸಿ, ಗುಡಿಸಿ, ಬೀದಿಯನ್ನು ಇದ್ದ ಹಾಗೆ ಊರಿಗೆ ವಾಪಸು ಕೊಡಬೇಕು. ಇಷ್ಟೇ ನನ್ನ ಕೆಲಸ. ಮಂಡ್ಯದ ಪಕ್ಕದ ನಮ್ಮೂರಲ್ಲಿ ಸಂತೆ ತಾನಾಗಿಯೇ ಕೂಡುತ್ತಿತ್ತು. ಯಾರೋ ಒಬ್ಬರು ಅದನ್ನು ಕೂಡಿಸುತ್ತಾರೆಂದು ನನಗೆ ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಲಿಂಡಾ. ಮೇನ್ ಸ್ಟ್ರೀಟಿನ ಅಂಗಡಿಯವರ ಸಂಘಕ್ಕೆ ಅವರೇ ಮುಖ್ಯಸ್ಥೆ. ಸಂತೆ ನಡೆಯುತ್ತಿದ್ದುದು ಆ ಸಂಘದ ಹೆಸರಿನಲ್ಲಿ. ಬೇಕರಿಯ ಮೇಲಿನ ಒಂದು ಕೋಣೆ ಅವರ ಆಫೀಸು, ಮೆಟ್ಟಿಲು ಹತ್ತುವಾಗಲೇ ಬೆಣ್ಣೆಯ ಘಮ. ಮೊದಲ ದಿನ ಮೇಜು ಕುರ್ಚಿ ತೋರಿಸುತ್ತಾರೆಂದುಕೊಂಡಿದ್ದೆ. ಅವರು ಕೋಟು ಹಾಕಿಕೊಂಡು ಮೆಟ್ಟಿಲು ಇಳಿದರು.

‘ಮೊದಲು ನಡಿ. ಒಂದೊಂದು ಅಂಗಡಿಗೂ ಹೋಗು. ಏನೂ ಕೊಳ್ಳಬೇಡ, ಏನೂ ಕೇಳಬೇಡ, ಕಾಫಿ ಕೊಟ್ಟರೆ ಕುಡಿ. ವಾರ ಪೂರ್ತಿ ಇದೇ ಕೆಲಸ.’

ಆ ವಾರ ನಾನು ಕುಡಿದ ಕಾಫಿಗೆ ನಿದ್ದೆಯೇ ಹತ್ತಿರ ಸುಳಿಯಲಿಲ್ಲ. ಆದರೆ ಊರು ಗೊತ್ತಾಯಿತು. ಕ್ಷೌರದಂಗಡಿಯ ಗೋಡೆಯಲ್ಲಿ ಹಾಪ್ಸ್ ಕೊಯ್ಯುವವರ ದೊಡ್ಡ ಫೋಟೊ ಇತ್ತು. ಬಿಯರಿಗೆ ಹಾಕುವ ಆ ಹೂವನ್ನು ಒಂದು ಕಾಲಕ್ಕೆ ಈ ಬಯಲಿನಲ್ಲೇ ಬೆಳೆಯುತ್ತಿದ್ದರಂತೆ. ಈಗ ಯೋಗ ಕಲಿಸುವ ಜಾಗದಲ್ಲಿ ಮೊದಲು ಕುದುರೆಯ ಜೀನು ಹೊಲಿಯುತ್ತಿದ್ದರು. ಫುಟ್‌ಪಾತಿನ ಕಲ್ಲಂಚಿನಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆಗಳು ಇನ್ನೂ ಇದ್ದವು. ಬೀದಿಯ ಕೊನೆಯಲ್ಲಿ ರೈಲು ನಿಲ್ದಾಣವಿತ್ತು, ಹುಲ್ಲಿನ ಪೆಂಡಿ ಅಲ್ಲಿಂದ ಓಕ್‌ಲ್ಯಾಂಡಿಗೆ ಹೋಗುತ್ತಿತ್ತು. ಆಮೇಲೆ ಫ್ರೀವೇ ಬಂತು, ಫ್ರೀವೇ ಹಿಂದೆ ಆಫೀಸುಗಳು ಬಂದವು, ಆಫೀಸುಗಳ ಹಿಂದೆ ನಾವು ಬಂದೆವು.

ಇಷ್ಟೆಲ್ಲ ತಿಳಿದುಕೊಂಡರೂ ಒಂದು ಮುಖ್ಯ ಸಂಗತಿ ನನ್ನ ಕಣ್ಣಿಗೆ ಬೀಳಲಿಲ್ಲ. ಮೇನ್ ಸ್ಟ್ರೀಟು ನೋಡುವುದಕ್ಕೆ ಸಮತಟ್ಟು, ಆದರೆ ಅದಕ್ಕೆ ಒಂದು ಸಣ್ಣ ಇಳಿಜಾರಿದೆ. ನಾನು ನೋಡಿಕೊಂಡ ಮೊದಲ ಶನಿವಾರವೇ ಅದು ಗೊತ್ತಾಯಿತು. ಮೀನಿನವನ ಟೆಂಟನ್ನು ಬೀದಿಯ ಮೇಲ್ತುದಿಯಲ್ಲಿ, ಒಳ್ಳೆಯ ನೆರಳು ಎಂದು ಹಾಕಿಸಿದೆ. ಬಿಸಿಲೇರಿದ ಹಾಗೆ ಪೆಟ್ಟಿಗೆಗಳ ಐಸು ಕರಗಿತು. ಮೀನಿನ ನೀರು ಫುಟ್‌ಪಾತಿನ ಅಂಚು ಹಿಡಿದು ಇಳಿದು, ಕೆಳಗಿದ್ದ ಹಾರ್ಡ್‌ವೇರ್ ಅಂಗಡಿಯ ಹೊಸಿಲು ದಾಟಿ, ಒಳಗಿನ ಮರದ ನೆಲಕ್ಕೆ ಹೋಯಿತು.

ಅಂಗಡಿಯವರು ವಾಲ್ಟ್. ಎತ್ತರದ ಆಳು, ಬಿಳಿ ಮೀಸೆ, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲು. ಬಾಗಿಲಲ್ಲಿ ನಿಂತು ನನ್ನನ್ನು ಕರೆದರು.

‘ಸಂತೆಯ ಮ್ಯಾನೇಜರ್ ನೀನೇನಾ?’

‘ಹೌದು.’

‘ಬಾ. ನಿನ್ನ ಸಂತೆ ನನ್ನ ಮೊಳೆ ಡಬ್ಬಿಗಳವರೆಗೂ ಬಂದಿದೆ, ನೋಡು.’

ನಾನು ಲಿಂಡಾ ಹತ್ತಿರ ಓಡಿದೆ. ಅವರು ಬೈಯಲಿಲ್ಲ, ಮಾಪು ಬಕೆಟ್ಟು ತಂದು ಕೈಗೆ ಕೊಟ್ಟು, ‘ನೀನೇ ಒರೆಸು, ಬೇರೆಯವರನ್ನ ಕಳಿಸಬೇಡ’ ಎಂದರು. ಮಧ್ಯಾಹ್ನವೆಲ್ಲ ನಾನು ಆ ನೆಲ ಒರೆಸುತ್ತಿದ್ದರೆ ವಾಲ್ಟ್ ಕೌಂಟರಿನ ಹಿಂದೆ ನಿಂತು ಹೇಳುತ್ತಲೇ ಇದ್ದರು.

‘ನಮ್ಮ ತಾತ ಇಲ್ಲಿ ಸರಪಳಿ, ಹಗ್ಗ, ಹಾಲಿನ ಕ್ಯಾನು ಮಾರ್ತಿದ್ದ. ಶನಿವಾರ ಬಂತು ಅಂದ್ರೆ ದನ ಸಾಕೋ ರಾಂಚುಗಳವರೆಲ್ಲ ಊರಿಗೆ ಬರೋರು. ಮೇನ್ ಸ್ಟ್ರೀಟು ಇರೋದೇ ಶನಿವಾರಕ್ಕೆ. ಈಗ ನೀವು ಬಂದು ಶನಿವಾರಾನೇ ಬೀದಿ ಮುಚ್ಚಿಬಿಟ್ಟಿದೀರಿ. ವಾಟರ್ ಹೀಟರ್ ಕೊಳ್ಳೋನು ಅದನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಬೇಕಾ?’

ನಾನು ಮಾಪು ಹಿಂಡಿ ಮತ್ತೆ ಒರೆಸಿದೆ. ಮುಂದಿನ ವಾರದಿಂದ ಮೀನಿನವನು ಕೆಳತುದಿಗೆ ಹೋದ, ಅವನ ನೀರು ನೇರ ಚರಂಡಿಗೆ ಹೋಯಿತು. ಆದರೆ ವಾಲ್ಟ್ ನನ್ನ ಹತ್ತಿರ ಮತ್ತೆ ಸರಿಯಾಗಿ ಮಾತಾಡಿದ್ದು ಎಷ್ಟೋ ವರ್ಷಗಳ ಮೇಲೆ. ನಾನು ಕಂಡರೆ ಮೀಸೆ ಸರಿಮಾಡಿಕೊಂಡು ಒಳಗೆ ಹೋಗಿಬಿಡುವರು. ಹೊಸಬರಿಗೆ ಹೇಳುವುದೇನೆಂದರೆ, ಮೊದಲು ಬೀದಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ನಕ್ಷೆ ಆಮೇಲೆ.

ಇನ್ನು ರೋಸಾ. ಪೋರ್ಚುಗೀಸ್ ಮೂಲದ ರೈತರ ಮನೆಯವರು, ಆಗ ಐವತ್ತು ದಾಟಿದ ಹೆಂಗಸು. ಬ್ರೆಂಟ್‌ವುಡ್ ಕಡೆಯ ತೋಟದಿಂದ ಏಪ್ರಿಕಾಟ್ ಹಣ್ಣು ತರುತ್ತಿದ್ದರು. ಹುಲ್ಲಿನ ಟೋಪಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರೆ ಮಾತು ಕಡಿಮೆ. ಮಕ್ಕಳು ಬಂದರೆ ಮಾತ್ರ ಒಂದು ಹಣ್ಣನ್ನು ಕೈಗಿಟ್ಟು, ‘ತಿನ್ನು, ಆಮೇಲೆ ಅಮ್ಮನ್ನ ಕೇಳು’ ಎನ್ನುವರು. ನನ್ನ ಮಗಳು ಅಖಿಲ ಮನೆಯಲ್ಲಿ ಹಣ್ಣು ಮುಟ್ಟುತ್ತಿರಲಿಲ್ಲ. ರೋಸಾ ಕೊಟ್ಟರೆ ಅಂಗಿಯ ಮೇಲೆಲ್ಲ ರಸ ಸುರಿಸಿಕೊಂಡು ತಿನ್ನುವಳು. ‘ಏನೇ ಇದು ಅವತಾರ’ ಎಂದರೆ ‘ಇಟ್ಸ್ ಓಕೆ ಅಮ್ಮ, ರೋಸಾ ಸೆಡ್ ಈಟ್’ ಎನ್ನುವಳು.

ಇಲ್ಲಿನ ಸಂತೆಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ರೈತ ತಾನು ಬೆಳೆದದ್ದನ್ನೇ ಮಾರಬೇಕು. ಸಗಟು ಮಂಡಿಯಲ್ಲಿ ಕೊಂಡು ತಂದು ನನ್ನ ತೋಟದ್ದು ಎಂದು ಮಾರಿದರೆ ಅವನನ್ನು ಸಂತೆಯಿಂದ ತೆಗೆಯಬೇಕು. ಇಂಥದ್ದು ಹೊರಬಿದ್ದರೆ ಇಡೀ ಸಂತೆಯ ಹೆಸರೇ ಕೆಡುತ್ತದೆ. ಅನುಮಾನ ಬಂದರೆ ಮ್ಯಾನೇಜರ್ ತೋಟಕ್ಕೇ ಹೋಗಿ ಮರ ನೋಡಿ ಬರಬೇಕು. ನನ್ನ ಕೆಲಸದಲ್ಲಿ ನನಗೆ ಕಷ್ಟವೆನಿಸಿದ್ದು ಇದೊಂದೇ. ಬೆಳಿಗ್ಗೆ ನಗುನಗುತ್ತಾ ಮಾತಾಡಿಸಿದವರ ಹೊಲಕ್ಕೆ ಪೊಲೀಸಿನವರ ಹಾಗೆ ಹೋಗುವುದು ಯಾರಿಗೆ ಚೆಂದ?

ನಾನು ಸೇರಿ ಎಷ್ಟೋ ವರ್ಷಗಳಾದ ಮೇಲೆ ಒಂದು ಬೇಸಿಗೆ ಎರಡು ಸಂಗತಿ ಒಟ್ಟಿಗೆ ಬಂದವು. ಮೊದಲನೆಯದು, ಸಂತೆಯನ್ನು ಮೇನ್ ಸ್ಟ್ರೀಟಿನಿಂದ ಎತ್ತಿ ಫ್ರೀವೇ ಪಕ್ಕದ ಆಫೀಸ್ ಪಾರ್ಕಿನ ಪಾರ್ಕಿಂಗ್ ಲಾಟಿಗೆ ಹಾಕಬೇಕೆಂದು ಕೆಲವು ಅಂಗಡಿಯವರು ನಗರಸಭೆಗೆ ಮನವಿ ಕೊಟ್ಟರು. ಮೊದಲ ಸಹಿ ವಾಲ್ಟ್ ಅವರದು. ಅಲ್ಲಿಗೆ ಹೋದರೆ ಸಂತೆ ಬದುಕುವುದಿಲ್ಲ ಎಂದು ನನಗೂ ಲಿಂಡಾಗೂ ಗೊತ್ತಿತ್ತು. ಶನಿವಾರ ಆ ಡಾಂಬರು ಬಯಲಿಗೆ ಯಾರು ಬರುತ್ತಾರೆ?

ಎರಡನೆಯದು, ರೋಸಾ ಮೇಲೆ ದೂರು ಬಂತು. ಇನ್ನೊಬ್ಬ ಹಣ್ಣಿನವನು ನನ್ನ ಬಳಿ ಬಂದು, ‘ಜಯಾ, ಜುಲೈ ಮುಗೀತಾ ಬಂತು. ನನ್ನ ಮರದಲ್ಲಿ ಎಲೆ ಬಿಟ್ಟು ಏನೂ ಇಲ್ಲ. ಬ್ರೆಂಟ್‌ವುಡ್ಡಿನಲ್ಲಿ ಯಾರ ಹತ್ತಿರಾನೂ ಏಪ್ರಿಕಾಟ್ ಇಲ್ಲ. ಅವರಿಗೆ ಎಲ್ಲಿಂದ ಬರ್ತಿದೆ?’ ಎಂದ. ಅವನದೂ ತಪ್ಪಲ್ಲ. ನಾನು ಹೋಗಿ ನೋಡಿದೆ. ರೋಸಾ ಮೇಜಿನ ಮೇಲೆ ಪೆಟ್ಟಿಗೆ ತುಂಬಾ ಹೊಸ ಹಣ್ಣು, ಕೆನ್ನೆಯ ಕಡೆ ಕೆಂಪು ಬಣ್ಣ, ಸೀಸನ್ನಿನ ಮೊದಲ ವಾರದ್ದರ ಹಾಗೆ.

ಲಿಂಡಾ ಕೋಣೆಯ ಬಾಗಿಲು ಹಾಕಿಕೊಂಡರು. ‘ನಗರಸಭೆಯ ಮೀಟಿಂಗು ಮುಂದಿನ ಮಂಗಳವಾರ. ಇದು ನಿಜ ಅಂತಾದ್ರೆ ನಮ್ಮ ಪರ ಒಬ್ಬರೂ ಕೈ ಎತ್ತಲ್ಲ.’

‘ಸುಳ್ಳಾದ್ರೆ?’

‘ಸುಳ್ಳು ಅಂತ ನೀನು ನೋಡಿ ಬಂದಿರಬೇಕು. ಮುಚ್ಚಿಡೋದು ಬೇಡ ಜಯಾ. ಕೌಂಟಿಯ ಕೃಷಿ ಇನ್‌ಸ್ಪೆಕ್ಟರನ್ನೂ ಕರ್ಕೊಂಡು ಹೋಗು.’

ಸಂತೆ ಎತ್ತುವ ಹೊತ್ತಿಗೆ ನಾನು ರೋಸಾ ಬಳಿ ಹೋದೆ. ಅವರು ಪೆಟ್ಟಿಗೆಗಳನ್ನು ಪಿಕಪ್ ಟ್ರಕ್ಕಿಗೆ ಏರಿಸುತ್ತಿದ್ದರು. ನಾನೂ ಒಂದು ಪೆಟ್ಟಿಗೆ ಎತ್ತಿಕೊಟ್ಟು, ಸೋಮವಾರ ತೋಟಕ್ಕೆ ಬರುತ್ತೇವೆಂದು ಹೇಳಿದೆ. ಅವರ ಕೈ ನಿಂತಿತು.

‘ನಾನು ಕೊಂಡು ಮಾರ್ತೀನಿ ಅಂತ ನಿನಗೂ ಅನ್ಸತ್ತಾ?’

‘ನನಗೆ ಅನ್ಸೋದು ಮುಖ್ಯ ಅಲ್ಲ ರೋಸಾ. ನಾನು ನೋಡ್ಲೇಬೇಕು.’

‘ನಾನು ಕೇಳಿದ್ದು ಅದಲ್ಲ.’

ಉತ್ತರಕ್ಕೆ ಅವರು ಕಾಯಲಿಲ್ಲ. ಟ್ರಕ್ಕು ಹೋದ ಮೇಲೂ ನಾನು ಬೀದಿಯ ನಡುವೆ ನಿಂತೇ ಇದ್ದೆ. ನಮ್ಮೆಜಮಾನರು ಪ್ರಕಾಶ್ ಕಾರು ತಂದು ಹಾರ್ನ್ ಹೊಡೆದಾಗಲೇ ಎಚ್ಚರವಾದದ್ದು. ಮನೆಗೆ ಹೋಗುವ ದಾರಿಯಲ್ಲಿ ಎಲ್ಲ ಹೇಳಿದೆ. ‘ನೋಡೋದು ನಿನ್ನ ಕೆಲಸ ಅಲ್ವೇನೆ, ಅದಕ್ಯಾಕೆ ಇಷ್ಟು ಒದ್ದಾಡ್ತೀಯ?’ ಎಂದರು. ‘ನೋಡೋಕಲ್ಲ ರೀ ಭಯ. ಹೋದಾಗ ಅಲ್ಲಿ ಏನೂ ಕಾಣದಿದ್ರೆ ಅಂತ’ ಎಂದೆ.

ಸೋಮವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಬರುವ ಮೊದಲು ಟೆಂಟಿಗೆ ಹಗ್ಗ ಬೇಕೆಂದು ವಾಲ್ಟ್ ಅಂಗಡಿಗೆ ಹೋದೆ. ಬೇರೆ ಕಡೆಯೂ ಹಗ್ಗ ಸಿಗುತ್ತಿತ್ತು. ಯಾಕೆ ಅಲ್ಲಿಗೇ ಹೋದೆನೋ ಗೊತ್ತಿಲ್ಲ. ಅವರು ಹಗ್ಗ ಅಳೆಯುತ್ತಾ ನನ್ನ ಮುಖ ನೋಡದೆಯೇ ಕೇಳಿದರು.

‘ರೋಸಾ ತೋಟಕ್ಕೆ ಹೋಗ್ತಿದೀಯಂತೆ?’

‘ಯಾರು ಹೇಳಿದ್ರು?’

‘ಇದು ಮೇನ್ ಸ್ಟ್ರೀಟು. ಯಾರು ಹೇಳಲಿಲ್ಲ ಅಂತ ಕೇಳು.’ ಹಗ್ಗ ಕತ್ತರಿಸಿ ಸುತ್ತಿದರು. ‘ಅವರಪ್ಪನಿಗೆ ಹಣ್ಣು ಕೀಳೋ ಏಣಿ ಮಾರಿದ್ದು ನಮ್ಮಪ್ಪ. ಕೊಂಡ ಹಣ್ಣು ಮಾರೋ ಹೆಂಗಸಲ್ಲ ಅವಳು. ಆದ್ರೆ ಬ್ರೆಂಟ್‌ವುಡ್ ತೋಟದಲ್ಲಿ ನಿನಗೆ ಏನೂ ಕಾಣಲ್ಲ. ಅವಳ ಅಕ್ಕನ ಗುಡ್ಡದ ಜಾಗ ಕೇಳು. ಅವಳಾಗಿ ಅವಳು ಹೇಳಲ್ಲ.’

‘ಯಾಕೆ ಹೇಳಲ್ಲ?’

‘ಅದನ್ನ ಅವಳನ್ನೇ ಕೇಳು’ ಎಂದು ಹಗ್ಗ ನನ್ನ ಕಡೆ ತಳ್ಳಿದರು. ಸಂತೆಯನ್ನು ಎತ್ತಿಸಬೇಕೆಂದು ಸಹಿ ಹಾಕಿದವರೇ ನನಗೆ ಇದನ್ನು ಹೇಳಿದರು. ಆಗ ನನಗೆ ಅದರ ಬಗ್ಗೆ ಯೋಚಿಸಲು ವ್ಯವಧಾನವಿರಲಿಲ್ಲ.

ಬ್ರೆಂಟ್‌ವುಡ್ ತೋಟದಲ್ಲಿ ವಾಲ್ಟ್ ಹೇಳಿದಂತೆಯೇ ಆಯಿತು. ಸಾಲು ಸಾಲು ಮರ, ಒಂದರಲ್ಲೂ ಹಣ್ಣಿಲ್ಲ. ಬುಡದಲ್ಲಿ ಉದುರಿ ಒಣಗಿದ ಹಣ್ಣುಗಳ ಮೇಲೆ ಜೇನ್ನೊಣ. ಇನ್‌ಸ್ಪೆಕ್ಟರ್ ಒಳ್ಳೆಯ ಹುಡುಗ, ಟೋಪಿ ತೆಗೆದು ತಲೆ ಕೆರೆದುಕೊಂಡ. ರೋಸಾ ಟ್ರಕ್ಕಿಗೆ ಒರಗಿ ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದರು.  ನಾನು ಅವರ ಹತ್ತಿರ ಹೋದೆ.

‘ರೋಸಾ, ನಿಮ್ಮ ಅಕ್ಕನ ಗುಡ್ಡದಲ್ಲಿ ಮರ ಇದಾವಾ?’

ಅವರು ಸರಕ್ಕನೆ ತಿರುಗಿದರು. ‘ಯಾರು ಹೇಳಿದ್ದು?’

‘ವಾಲ್ಟ್.’

‘ಆ ಮನುಷ್ಯ ಬಾಯಿ ಮುಚ್ಕೊಂಡಿರೋದು ಯಾವತ್ತು ಕಲೀತಾನೋ’ ಎಂದರು.  ಆಮೇಲೆ ಟ್ರಕ್ಕಿನ ಬಾಗಿಲು ತೆರೆದು, ‘ಹತ್ತಿ’ ಎಂದರು.

ಮೌಂಟ್ ಡಿಯಾಬ್ಲೊ ಬೆಟ್ಟದ ಉತ್ತರದ ಮಗ್ಗುಲಿಗೆ ಒಂದು ಮಣ್ಣು ದಾರಿ. ಟ್ರಕ್ಕು ಕುಲುಕುತ್ತಾ ಹತ್ತಿತು. ದಾರಿಯಲ್ಲಿ ರೋಸಾ ರಸ್ತೆ ನೋಡುತ್ತಲೇ ಹೇಳಿದರು. ಅಪ್ಪ ತೀರಿಕೊಂಡ ಮೇಲೆ ಅಕ್ಕ ತಂಗಿಗೆ ಜಮೀನಿನ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತಂತೆ. ಅಕ್ಕ ಹಾಸಿಗೆ ಹಿಡಿದಾಗ ರೋಸಾ ಹೇಳದೆ ಕೇಳದೆ ಹೋಗಿ ಗುಡ್ಡದ ಮರ ಸವರುವುದು, ನೀರು ಬಿಡುವುದು ಶುರುಮಾಡಿದರಂತೆ. ‘ಅವಳು ಕಿಟಕಿಯಿಂದ ನೋಡ್ತಿದ್ಲು. ಬೇಡ ಅನ್ನಲಿಲ್ಲ. ಆಮೇಲಾಮೇಲೆ ಒಳಗೆ ಕರೆದು ಕಾಫಿ ಕೊಟ್ಲು.’ ಅಕ್ಕ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಜಾಗ ಅಕ್ಕನ ಮಗನದು. ‘ನನ್ನ ಹೆಸರಲ್ಲಿ ಇಲ್ಲ. ಈ ಇನ್‌ಸ್ಪೆಕ್ಟರ್ ಹುಡುಗ ಬಂದು ಇದು ನಿನ್ನ ಮರ ಅಲ್ಲ ಅಂದ್ರೆ ನಾನೇನು ಹೇಳಲಿ? ಅದಕ್ಕೆ ಸುಮ್ಮನಿದ್ದೆ.’

ತಿರುವಿನಲ್ಲಿ ಟ್ರಕ್ಕು ನಿಂತಿತು. ಎರಡು ಗುಡ್ಡಗಳ ಸಂದಿಯಲ್ಲಿ ತಣ್ಣನೆಯ ನೆರಳು, ಅಲ್ಲಿಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಜಿಂಕೆ ಬಾರದಂತೆ ಎತ್ತರದ ಬೇಲಿ. ಬೇಲಿಯ ಒಳಗೆ ಕೊಂಬೆ ಬಾಗುವಷ್ಟು ಹಣ್ಣು, ತಂಪಿಗೆ ತಡವಾಗಿ ಮಾಗುತ್ತಿದ್ದ ಕೆಲವು ಇನ್ನೂ ಕಾಯಿ. ನಾನು ಬೇಲಿಯ ಕಂಬ ಹಿಡಿದು ನಿಂತೆ. ಬೆಟ್ಟದ ಗಾಳಿ ಎದೆಯ ಒಳಗೆಲ್ಲ ಹೋಗಿಬಂದ ಹಾಗಾಯಿತು.

ಮನೆಯೊಳಗಿಂದ ಅಕ್ಕನ ಮಗ ಬಂದ. ಮೊಣಕೈವರೆಗೆ ಗ್ರೀಸು ಮೆತ್ತಿದ ಭಾರಿ ಆಳು.

ಇನ್‌ಸ್ಪೆಕ್ಟರ್ ಕೇಳಿದ, ‘ಈ ಮರಗಳನ್ನ ನೋಡ್ಕೊಳ್ತಿರೋದು ಯಾರು?’

‘ಇನ್ಯಾರು, ನಮ್ಮ ಚಿಕ್ಕಮ್ಮ. ನಾನು ಮುಟ್ಟಿದ್ರೆ ಮರ ಒಣಗತ್ತೆ ಅಂತ ಬೈತಾಳೆ.’

‘ಅವರಿಗೆ ಬಿಟ್ಟುಕೊಟ್ಟಿದೀನಿ ಅಂತ ಬರೆದುಕೊಡ್ತೀರಾ?’

‘ಇವತ್ತೇ ಕೊಡ್ತೀನಿ.’

ಇನ್‌ಸ್ಪೆಕ್ಟರ್ ಸಾಲುಗಳ ನಡುವೆ ನಡೆದಾಡಿ, ಸವರಿದ ಕೊಂಬೆಗಳನ್ನು ಮುಟ್ಟಿ ನೋಡಿ ಬಂದ. ರೋಸಾ ಹಣ್ಣು ಮಾರುವ ಅನುಮತಿ ಪತ್ರದಲ್ಲಿ ಈ ಜಾಗವನ್ನೂ ಸೇರಿಸಬೇಕು, ಅಲ್ಲಿಯವರೆಗೆ ಇಲ್ಲಿನ ಹಣ್ಣು ಸಂತೆಗೆ ತರುವ ಹಾಗಿಲ್ಲ, ಬೇರೇನೂ ತೊಂದರೆಯಿಲ್ಲ ಎಂದ. ರೋಸಾ ಟೋಪಿ ತೆಗೆದು ಅದರಿಂದಲೇ ಮುಖಕ್ಕೆ ಗಾಳಿ ಹಾಕಿಕೊಂಡರು. ಕಣ್ಣು ಒದ್ದೆಯಾಗಿತ್ತು.

‘ರೋಸಾ, ಅವತ್ತು ನೀವು ಕೇಳಿದ್ರಲ್ಲ’ ಎಂದೆ. ‘ಇಲ್ಲ, ನನಗೆ ಹಾಗನ್ನಿಸಿರಲಿಲ್ಲ. ಹೆದರಿಕೆ ಆಗಿತ್ತು, ಅಷ್ಟೇ.’

‘ಹೆದರಿಕೆ ನನಗೂ ಆಗಿತ್ತು’ ಎಂದು ಒಂದು ಹಣ್ಣು ಕಿತ್ತು ಸೀಳಿ, ಅರ್ಧ ನನಗೆ ಕೊಟ್ಟರು.

ಬ್ರೆಂಟ್‌ವುಡ್ಡಿನಲ್ಲಿ ಬಿಟ್ಟಿದ್ದ ಕಾರಿಗೆ ಬಂದು ಮೊದಲು ಲಿಂಡಾಗೆ ಫೋನ್ ಮಾಡಿದೆ. ಅವರು ‘ಗುಡ್’ ಎಂದು ಒಂದೇ ಪದ ಹೇಳಿದರು. 

ಮಂಗಳವಾರ ನಗರಸಭೆಯ ಹಾಲ್ ತುಂಬಿತ್ತು. ಸಂತೆ ಬೇಕೆನ್ನುವವರು ಮಾತಾಡಿದರು, ಬೇಡ ಎನ್ನುವವರೂ ಮಾತಾಡಿದರು. ನನ್ನ ಸರದಿ ಬಂದಾಗ ರೋಸಾ ಮೇಲೆ ದೂರು ಬಂದದ್ದು, ನಾವು ಹೋಗಿ ನೋಡಿದ್ದು, ಅಲ್ಲಿ ಕಂಡದ್ದು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೊನೆಗೆ ವಾಲ್ಟ್ ಎದ್ದರು. ಪೆನ್ಸಿಲು ಕಿವಿಯ ಹಿಂದೆಯೇ ಇತ್ತು. ಗುಡ್ಡದ ವಿಷಯ ಹೇಳಿಕೊಟ್ಟ ಮನುಷ್ಯ ಈಗ ನಮ್ಮ ಪರ ಮಾತಾಡಬಹುದೆಂದು ನನಗೆ ಆಸೆ.

‘ನಾನು ಸಹಿ ಹಾಕಿದೀನಿ. ಅದನ್ನ ವಾಪಸ್ ತಗೊಳಲ್ಲ’ ಎಂದರು. ‘ಬೀದಿ ಮುಚ್ಚಿದ್ರೆ ನನಗೆ ತೊಂದರೆ ಆಗತ್ತೆ, ಅದು ನಿಜ. ಆದ್ರೆ ಪಾರ್ಕಿಂಗ್ ಲಾಟಿಗೆ ಹೋದ್ರೆ ಈ ಜನ ನನ್ನ ಅಂಗಡಿ ಮುಂದೇನೂ ಹಾದು ಹೋಗಲ್ಲ, ಅದೂ ನಿಜ. ನನಗೆ ಬೇಕಾಗಿರೋದು ಎರಡು. ನನ್ನ ಬಾಗಿಲ ಮುಂದೆ ಟೆಂಟು ಹಾಕಬಾರದು, ನಾನು ಅಲ್ಲಿ ನನ್ನ ತಳ್ಳೋ ಗಾಡಿ, ಸಲಿಕೆ ಇಡ್ತೀನಿ. ಹಿಂದಿನ ಗಲ್ಲಿ ತೆರೆದಿಡಬೇಕು, ಭಾರದ ಸಾಮಾನು ಕೊಂಡೋರು ಅಲ್ಲಿ ಕಾರಿಗೆ ಹಾಕ್ಕೊಳ್ಳಲಿ.’

ಮೇಯರ್ ನನ್ನ ಕಡೆ ನೋಡಿದರು. ‘ಆಗತ್ತಾ?’

‘ಆಗತ್ತೆ. ಈ ಶನಿವಾರದಿಂದಲೇ ಆಗತ್ತೆ’ ಎಂದೆ. ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಇಷ್ಟು ಸಣ್ಣದನ್ನು ಅವರು ಕೇಳಿರಲಿಲ್ಲ, ನಾವೂ ಏನು ಬೇಕೆಂದು ವಿಚಾರಿಸಿರಲಿಲ್ಲ. ನಗರಸಭೆ ಸಂತೆಯನ್ನು ಇದ್ದಲ್ಲೇ ಬಿಟ್ಟಿತು.

ಹೊರಗೆ ವಾಲ್ಟ್ ಸಿಕ್ಕರು. ಥ್ಯಾಂಕ್ಸ್ ಹೇಳಿದೆ. ‘ನಿನಗೋಸ್ಕರ ಅಲ್ಲ’ ಎಂದರು. ಮೆಟ್ಟಿಲು ಇಳಿದು ಹೋಗಿ, ಮತ್ತೆ ತಿರುಗಿ, ‘ಶನಿವಾರ ನನಗೂ ಒಂದು ಬುಟ್ಟಿ ಎತ್ತಿಡೋಕೆ ರೋಸಾಗೆ ಹೇಳು’ ಎಂದರು. ಆ ಶನಿವಾರ ರೋಸಾ ಬಳಿ ಹಣ್ಣಿರಲಿಲ್ಲ, ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಅವರು ಮನೆಯಲ್ಲಿ ಮಾಡಿದ ಜಾಮಿನ ಬಾಟಲಿಯೊಂದನ್ನು ತಂದು, ಸ್ಟೂಲಿನ ಮೇಲೆ ಕೂರದೆ ನೇರ ಹಾರ್ಡ್‌ವೇರ್ ಅಂಗಡಿಗೆ ನಡೆದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಹೊರಗೆ ತರಕಾರಿಯವರಿಗೆಲ್ಲ ಕೇಳುವಷ್ಟು ಜೋರಾಗಿ ಇಬ್ಬರೂ ಜಗಳವಾಡುತ್ತಿದ್ದುದು ಮಾತ್ರ ಕೇಳಿಸಿತು. ನಡುನಡುವೆ ನಗುವೂ ಇತ್ತು.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಬಹಳ ಬದಲಾಯಿತು. ನಾನು ಸೇರಿದಾಗ ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಟೆಂಟಿನ ಜಾಗ ಗುರುತು ಮಾಡುತ್ತಿದ್ದೆವು. ಬೆಳಗಿನ ಮಂಜಿಗೆ ಅದು ಅಳಿಸಿಹೋಗುವುದು. ಆಮೇಲೆ ಪೇಂಟಿನ ಚುಕ್ಕೆ ಬಂತು, ಆಮೇಲೆ ಫೋನಿನಲ್ಲಿ ನಕ್ಷೆ. ಲಿಂಡಾ ನಂತರ ಬಂದ ಮುಖ್ಯಸ್ಥರಿಗೆ ಆ ನಕ್ಷೆಯ ಮೇಲೆ ಬಲು ನಂಬಿಕೆ. ಒಂದು ಸಲ ಜೇನು ಮಾರುವವನಿಗೆ ಅವರು ಕೊಟ್ಟ ಜಾಗದಲ್ಲಿ ಹೋಗಿ ನೋಡಿದರೆ ಅಲ್ಲೊಂದು ದೊಡ್ಡ ಓಕ್ ಮರ. ‘ಸ್ಕ್ರೀನಲ್ಲಿ ಮರ ಇಲ್ವಲ್ಲ’ ಎಂದರು. ಜೇನಿನವನು, ‘ನನ್ನ ನೊಣಗಳಿಗೇನೋ ಸಂತೋಷ, ನನಗೆ ಕಷ್ಟ’ ಎಂದ. ಆದರೂ ಆ ಮನುಷ್ಯ ಕೆಟ್ಟವರಲ್ಲ. ಬಡವರಿಗೆ ಸರ್ಕಾರ ಕೊಡುವ ಆಹಾರದ ಕಾರ್ಡು ಇರುವವರೂ ಸಂತೆಯಲ್ಲಿ ಕೊಳ್ಳುವ ಏರ್ಪಾಟು ತಂದದ್ದು ಅವರೇ. ಕಾರ್ಡು ಉಜ್ಜಿ, ಬದಲಿಗೆ ಮರದ ಬಿಲ್ಲೆ ಕೊಡುತ್ತಿದ್ದೆವು. ಆ ಬಿಲ್ಲೆ ಹಿಡಿದು ಮೊದಲ ಸಲ ಸಂತೆಗೆ ಬಂದ ಒಬ್ಬ ತಾಯಿ, ಸೊಪ್ಪಿನ ಮುಂದೆ ತುಂಬ ಹೊತ್ತು ನಿಂತಿದ್ದಳು. ಯಾವುದು ಬೇಕೋ ಅದನ್ನೇ ಆರಿಸಿಕೊಳ್ಳಬಹುದು ಎಂದು ನಾನು ಹೇಳಬೇಕಾಯಿತು.

ಕೊರೋನಾ ಕಾಲದಲ್ಲಿ ಉಳಿದೆಲ್ಲ ಮುಚ್ಚಿದರೂ ಸಂತೆ ಮುಚ್ಚಲಿಲ್ಲ. ಮುಖಕ್ಕೆ ಮಾಸ್ಕು, ಜನರ ನಡುವೆ ಹಗ್ಗ. ಯಾರೂ ಹಣ್ಣನ್ನು ಮುಟ್ಟಿ ನೋಡುವ ಹಾಗಿರಲಿಲ್ಲ. ಮಕ್ಕಳು ರೋಸಾ ಮುಂದೆ ಬಂದು ಕೈ ಚಾಚಿ, ತಾವೇ ನೆನಪಿಸಿಕೊಂಡು ಹಿಂದಕ್ಕೆ ಎಳೆದುಕೊಳ್ಳುವರು. ಆ ವಾರಗಳಲ್ಲಿ ರೋಸಾ ನಮ್ಮೆಲ್ಲರಿಗಿಂತ ಹೆಚ್ಚು ಸೋತಂತೆ ಕಂಡರು. ಹಗ್ಗ ತೆಗೆದ ಶನಿವಾರ ಎಲ್ಲ ಮಕ್ಕಳಿಗೂ ಎರಡೆರಡು ಕೊಟ್ಟರು.

ವಾಲ್ಟ್ ಅಂಗಡಿ ಬಿಡುತ್ತಾರೆಂಬ ಸುದ್ದಿ ಬಂದಾಗ ಬೀದಿಗೆಲ್ಲ ಭಯ. ಇನ್ನೊಂದು ವೈನ್ ಬಾರು ಬರುತ್ತದೆ ಎಂದರು. ಹಾಗಾಗಲಿಲ್ಲ. ಅವರ ಕೌಂಟರಿನಲ್ಲಿ ಬಹಳ ಕಾಲ ಕೆಲಸ ಮಾಡಿದ ಹೆಂಗಸೇ ಅಂಗಡಿ ತೆಗೆದುಕೊಂಡಳು. ಈಗಲೂ ಅಲ್ಲಿ ಒಂದೇ ಒಂದು ಸ್ಕ್ರೂ ಬೇಕೆಂದರೂ ಕೊಡುತ್ತಾರೆ.

ಹೊಸಬರಿಗೆ ಇನ್ನೊಂದು ಮಾತು. ಟೆಂಟಿನವರು ಒಂದು ಕಡೆ, ಅಂಗಡಿಯವರು ಇನ್ನೊಂದು ಕಡೆ, ನಾವು ನಡುವೆ ಎಂದು ಅನ್ನಿಸುತ್ತದೆ. ಅದು ಹಾಗಲ್ಲ. ಎಲ್ಲರೂ ಒಂದೇ ಶನಿವಾರವನ್ನು ನಂಬಿಕೊಂಡವರು. ದೂರು ಹೇಳಿದವರ ಮೇಲೆ ಸಿಟ್ಟಾಗಬೇಡಿ, ದೂರಿಗೆ ಸಿಕ್ಕಿದವರ ಮುಂದೆ ಮುಖ ತಿರುಗಿಸಬೇಡಿ. ಹೋಗಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಬೇಲಿಯ ಆಚೆ ಹಣ್ಣೇ ಇರುತ್ತದೆ.

ನಿವೃತ್ತಿಯಾದ ಮೇಲೂ ಬಹಳ ದಿನ ಶನಿವಾರ ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತಿತ್ತು. ಮೈ ತಾನೇ ಏಳುತ್ತಿತ್ತು. ಅದರಲ್ಲೂ ಗಾಳಿಯ ಸದ್ದು ಕೇಳಿದರೆ ಮತ್ತೆ ಮಲಗಲಾಗುತ್ತಿರಲಿಲ್ಲ. ಸಂತೆ ನಡೆಸುವವರಿಗೆ ಮಳೆಗಿಂತ ಗಾಳಿಯ ಹೆದರಿಕೆ ಹೆಚ್ಚು. ಟೆಂಟು ಹಾರಿದರೆ ಯಾರ ತಲೆಯ ಮೇಲೆ ಬೀಳುತ್ತದೋ ಹೇಳಲಾಗುವುದಿಲ್ಲ. ಕಳೆದ ಚಳಿಗಾಲ ಒಂದು ಶನಿವಾರ ಹಾಗೆಯೇ ಆಯಿತು. ಕಿಟಕಿಯ ಗಾಜು ಅದುರುತ್ತಿತ್ತು. ನಾನು ಹಾಸಿಗೆಯಲ್ಲೇ ಎದ್ದು ಕೂತಿದ್ದೆ. ಫೋನ್ ಬಂತು. ನನ್ನ ಕೆಲಸಕ್ಕೆ ಬಂದಿರುವ ಮೈಸೂರಿನ ಹುಡುಗಿ ರಂಜಿತಾ.

‘ಆಂಟಿ, ಸಾರಿ, ಇಷ್ಟು ಬೇಗ ಮಾಡ್ತಿದೀನಿ. ತುಂಬಾ ವಿಂಡ್ ಇದೆ. ಅರ್ಧ ಜನ ಆಲ್ರೆಡಿ ಟೆಂಟ್ ಹಾಕಿದಾರೆ. ಏನ್ ಮಾಡ್ಲಿ?’

‘ಅಲ್ಲಿ ನಿಂತಿರೋಳು ನೀನು. ನಿನಗೇನನ್ಸತ್ತೆ?’

ಅತ್ತ ಕಡೆ ಗಾಳಿಗೆ ಟೆಂಟಿನ ಬಟ್ಟೆ ಬಡಿದುಕೊಳ್ಳುವುದು ಕೇಳಿಸಿತು. ಆಮೇಲೆ, ‘ತೆಗೆಸಿಬಿಡೋಣ ಅನ್ಸತ್ತೆ. ಬಯ್ತಾರೆ, ಆದ್ರೂ.’

‘ಹಾಗಾದ್ರೆ ತೆಗೆಸು. ಬೈಸ್ಕೋ.’

ಅವಳು ನಕ್ಕು ಫೋನ್ ಇಟ್ಟಳು. ಪ್ರಕಾಶ್ ಹೊದಿಕೆಯೊಳಗಿಂದಲೇ, ‘ಹೋಗ್ಬೇಕೇನೆ? ಕಾರ್ ತೆಗೀಲಾ?’ ಎಂದರು.

‘ಬೇಡ ರೀ’ ಎಂದೆ.

ಸ್ವಲ್ಪ ಹೊತ್ತಿಗೆ ಒಂದು ಮೆಸೇಜು ಬಂತು. ‘ಎಲ್ಲಾ ತೆಗೆಸಿದೆ. ಯಾರಿಗೂ ಏನೂ ಆಗಿಲ್ಲ.’ ಓದಿ ಫೋನನ್ನು ಮಗುಚಿ ಇಟ್ಟೆ. ಹೊರಗೆ ಗಾಳಿ ಇನ್ನೂ ಜೋರಾಗಿಯೇ ಬೀಸುತ್ತಿತ್ತು. ನನಗೆ ಯಾವಾಗ ನಿದ್ದೆ ಬಂತೋ ತಿಳಿಯಲಿಲ್ಲ. ಎದ್ದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು.